ಮೇಪಲ್ ಮರದ ನೆರಳೂ ಲೈನಸನ ಟರ್ಬೊ ಎಂಜಿನ್ನೂ

ಬಕ್‌ಹಾರ್ನ್ ಕ್ರೀಕಿನ ಡ್ರ್ಯಾಗ್ ರೇಸಿನ ಮೈದಾನದಲ್ಲಿ ಇರುವುದು ಒಂದೇ ಮರ, ಒಂದು ಮೇಪಲ್. ಅದನ್ನು ಬಿಟ್ಟರೆ ನಲವತ್ತು ಎಕರೆ ಜಲ್ಲಿ, ಡಾಂಬರು ಮತ್ತು ಬಿಸಿಲು. ಜುಲೈ ತಿಂಗಳಲ್ಲಿ ಆ ಜಲ್ಲಿಯ ಮೇಲೆ ಕಾಗೆ ಕೂಡ ಒಂಟಿ ಕಾಲಿನಲ್ಲಿ ಕೂರುತ್ತದೆ, ಅದೂ ಕಾಲು ಬದಲಾಯಿಸುತ್ತಾ. ಸೆಪ್ಟೆಂಬರಿನ ಕೊನೆಯ ಭಾನುವಾರದ ರೇಸು ಗೆದ್ದವನಿಗೆ ಮುಂದಿನ ವರ್ಷವಿಡೀ ಆ ಮರದ ಕೆಳಗೆ ಕಾರು ನಿಲ್ಲಿಸುವ ಹಕ್ಕು. ಜೊತೆಗೆ ಒಂದು ಹಿತ್ತಾಳೆಯ ಕಪ್ಪನ್ನೂ ಕೊಡುತ್ತಾರೆ. ಅದರಲ್ಲಿ ಜನ ಬೋಲ್ಟು ಹಾಕಿಡುತ್ತಾರೆ.

ಆ ನೆರಳು ಹನ್ನೊಂದು ವರ್ಷ ಒಂದೇ ಸಮನೆ ಲೈನಸ್ ಹಫ್‌ನೇಗಲನದ್ದಾಗಿತ್ತು. ಅವನು ಅದನ್ನು ಹೇಗೆ ಕಳೆದುಕೊಂಡ ಎಂಬುದನ್ನು ಹೇಳುತ್ತೇನೆ. ಗೇಟಿನಲ್ಲಿ ಕಾರುಗಳ ತಪಾಸಣೆ ಮಾಡುವ ಕೆಲಸ ನನ್ನದಾದ್ದರಿಂದ ಎಲ್ಲವೂ ನನ್ನ ಮೂಗಿನ ಕೆಳಗೇ ನಡೆಯಿತು.

ಲೈನಸ್ ನಮ್ಮ ಊರಿನ ಕುರ್ಚಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕುರ್ಚಿಯ ಮುಂಗಾಲು ಕಡೆಯುತ್ತಿದ್ದ. ಹಿಂಗಾಲಿಗೆ ಬೇರೆ ಇಲಾಖೆ ಇದೆ, ಅವರ ಸುದ್ದಿ ಇವನೆದುರು ಎತ್ತುವಂತಿಲ್ಲ. ಒಮ್ಮೆ ಅವನು ಕಡೆದ ಕಾಲಿಗೂ ಅಳತೆಪಟ್ಟಿಗೂ ಕೂದಲೆಳೆಯ ವ್ಯತ್ಯಾಸ ಬಂದಾಗ ಕಾರ್ಖಾನೆಯವರು ಅಳತೆಪಟ್ಟಿಯನ್ನು ಎಸೆದರು. ಇಂಥ ಮನುಷ್ಯನಿಗೆ ತಕ್ಕ ಕಾರೇ ಇತ್ತು: ಎಪ್ಪತ್ತೊಂಬತ್ತನೆಯ ಇಸವಿಯ ಫೋರ್ಡ್ ಫೇರ್‌ಮಾಂಟ್, ಹಿಂದೆ ಉದ್ದಕ್ಕೆ ಸಾಮಾನು ಹೇರುವ ಜಾಗವಿರುವ ಜಾತಿಯದು. ಅವನ ತಾಯಿ ಅದರಲ್ಲಿ ಚರ್ಚಿಗೆ ಹೋಗಿ ಬರುತ್ತಿದ್ದರು. ಬಣ್ಣ, ಅರೆದಿಟ್ಟು ಮೂರು ದಿನವಾದ ಸಾಸಿವೆಯದು. ಬಾನೆಟ್ ಕೆಳಗೆ ಎಂಟು ಸಿಲಿಂಡರಿನ ಫೋರ್ಡ್ ಎಂಜಿನ್. ಕಾಲು ಮೈಲಿಯನ್ನು ಅದು ಹನ್ನೆರಡು ಸೆಕೆಂಡು ಎಂಬತ್ತನಾಲ್ಕರಲ್ಲಿ, ಅಂದರೆ ಹನ್ನೆರಡರ ಮೇಲೆ ಸೆಕೆಂಡಿನ ನೂರರಲ್ಲಿ ಎಂಬತ್ತನಾಲ್ಕು ಪಾಲಿನಲ್ಲಿ, ಓಡುತ್ತಿತ್ತು. ಬಿಸಿಲಿರಲಿ, ಮೋಡವಿರಲಿ, ಡ್ರೈವರನಿಗೆ ನೆಗಡಿಯಿರಲಿ, ಎಂಬತ್ತನಾಲ್ಕು. ಒಮ್ಮೆ ಮೈದಾನದಲ್ಲಿ ಓಟದ ಸಮಯ ಅಳೆಯುವ ಗೋಪುರದ ಗಡಿಯಾರ ಎಂಬತ್ತೈದು ತೋರಿಸಿದ್ದಕ್ಕೆ ನಾವು ಗಡಿಯಾರವನ್ನೇ ರಿಪೇರಿಗೆ ಕಳಿಸಿದ್ದೆವು.

ಅದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರಿಗೆ ನಮ್ಮ ಆಟ ಗೊತ್ತಿಲ್ಲ. ಎರಡೆರಡು ಕಾರು ಅಕ್ಕಪಕ್ಕ ನಿಂತು ಕಾಲು ಮೈಲಿ ನೇರಕ್ಕೆ ಓಡುತ್ತವೆ, ಆದರೆ ನಮ್ಮಲ್ಲಿ ಜೋರಾಗಿ ಹೋದವನು ಗೆಲ್ಲುವುದಿಲ್ಲ. ಪ್ರತಿಯೊಬ್ಬನೂ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂದು ಮೊದಲೇ ಗಾಜಿನ ಮೇಲೆ ಬಿಳಿ ಶೂ ಪಾಲಿಶಿನಲ್ಲಿ ಬರೆಯಬೇಕು. ನಿಧಾನದ ಕಾರಿಗೆ ಆ ವ್ಯತ್ಯಾಸದಷ್ಟು ಮೊದಲೇ ಹಸಿರು ದೀಪ ಸಿಗುತ್ತದೆ. ಆಮೇಲೆ ಗೆರೆಯನ್ನು ಮೊದಲು ಮುಟ್ಟಿದವನು ಗೆದ್ದ. ಆದರೆ ಬರೆದದ್ದಕ್ಕಿಂತ ಬೇಗ ಓಡಿದೆಯೋ, ಹೊರಗೆ. ಆದ್ದರಿಂದ ಇಲ್ಲಿ ದೊಡ್ಡವನು ಯಾರೆಂದರೆ ತನ್ನ ಕಾರನ್ನು ಅರಿತವನು.

ಲೈನಸನ ಗಾಜಿನ ಮೇಲೆ ಬರೆಯುತ್ತಿದ್ದವಳು ಅವನ ಹೆಂಡತಿ ವಿಲ್ಮಾ. ಅವಳು ಮರದ ಕೆಳಗೆ, ಲೈನಸ್ ತಾನೇ ಮಾಡಿಕೊಟ್ಟ ಕುರ್ಚಿಯಲ್ಲಿ ಕೂತು, ಮಾಂಸದ ಸಾಸೇಜ್ ಸುಡುವ ಅಂಗಡಿಯ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡಿ, ಒಂದು ಸಲ ಮೂಗು ಎಳೆದು, ಎದ್ದು ಬಂದು ಸಂಖ್ಯೆ ಬರೆಯುತ್ತಿದ್ದಳು. ಗಾಜಿನ ಮೇಲೆ ನೊಣ ಕೂತಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾಳೆ ಎಂದು ಜನ ಹೇಳುತ್ತಿದ್ದರು. ರೇಸೆಂದರೆ ಅವಳಿಗೆ ಅಷ್ಟಕ್ಕಷ್ಟೇ. ನೆರಳಿಗಾಗಿ ಬರುತ್ತಿದ್ದಳು.

"ಆ ಮರ ಹೋದ ದಿನ ನಾನೂ ಹೋದೆ ಅಂತ ಇಟ್ಕೋ. ಪಾಯಿಖಾನೆ ಪಕ್ಕದ ಬಿಸಿಲಲ್ಲಿ ಕೂತು ನಿನಗೆ ನಂಬರು ಬರೆಯೋಕೆ ನನಗೇನೂ ಹುಚ್ಚು ಹಿಡಿದಿಲ್ಲ" ಎಂದು ಅವಳು ಹನ್ನೊಂದು ವರ್ಷವೂ ಹೇಳಿದ್ದಳು.

ಕೆಟ್ಟದ್ದು ಹನ್ನೊಂದನೆಯ ಸಲ ಗೆದ್ದ ದಿನವೇ ಶುರುವಾಯಿತು. ಎಂಜಿನ್ ತಂಪು ಮಾಡುವ ರೇಡಿಯೇಟರಿನಲ್ಲಿ ಬರೀ ನೀರು ಹಾಕಬೇಕು ಎಂಬುದು ಮೈದಾನದ ಕಟ್ಟಳೆ. ಹೆಪ್ಪುಗಟ್ಟದಿರಲು ಜನ ಊರಿನ ಕಾರಿಗೆ ಹಾಕುವ ಹಸಿರು ದ್ರವ ಡಾಂಬರಿನ ಮೇಲೆ ಚೆಲ್ಲಿದರೆ ಹಿಂದಿನವನು ಬೆಣ್ಣೆಯ ಮೇಲೆ ಓಡಿದ ಹಾಗಾಗುತ್ತದೆ. ಹಾಗಾಗಿ ಕೊನೆಯ ರೇಸು ಮುಗಿದ ಮೇಲೆ ಪ್ರತಿಯೊಬ್ಬನೂ ನೀರು ಇಳಿಸಿಯೇ ಕಾರನ್ನು ಶೆಡ್ಡಿಗೆ ಸೇರಿಸಬೇಕು. ಲೈನಸ್ ಅವತ್ತು ಗೆದ್ದ ಖುಷಿಯಲ್ಲಿ ಒಂಬತ್ತು ಸಾಸೇಜು ತಿಂದು, ಬಂದವರಿಗೆಲ್ಲ ಬಿಯರ್ ಕೊಟ್ಟು, ನೀರು ಮರೆತ. ಆ ಜನವರಿಯಲ್ಲಿ ಎಂಥ ಚಳಿ ಬಿತ್ತೆಂದರೆ ನಮ್ಮ ಪಾದ್ರಿಗಳು ಉಪದೇಶವನ್ನು ಮೂರೇ ನಿಮಿಷಕ್ಕೆ ಮುಗಿಸಿದರು. ಏಪ್ರಿಲಿನಲ್ಲಿ ಲೈನಸ್ ಶೆಡ್ಡಿನ ಬಾಗಿಲು ತೆಗೆದಾಗ, ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ಎಂಜಿನ್ನಿನ ಪಕ್ಕೆಯಲ್ಲಿ ಬೆರಳು ತೂರುವಷ್ಟು ಬಿರುಕು.

ಸುದ್ದಿ ಅವನಿಗಿಂತ ಮೊದಲೇ ಊರಿಗೆ ತಲುಪಿತು. ವಿಲ್ಮಾಳ ಅಣ್ಣ ಕ್ಲೀಟಸ್ ನೋಡಲು ಬಂದ. ಕ್ಲೀಟಸನದು ಷೆವ್ರೊಲೆ, ಫೋರ್ಡಿನ ಎದುರಾಳಿ ಕಂಪನಿಯ ಕಾರು. ಹನ್ನೊಂದು ವರ್ಷದಲ್ಲಿ ಏಳು ಸಲ ಕೊನೆಯ ಓಟದಲ್ಲಿ ಲೈನಸನಿಗೆ ಸೋತವನು.

"ಏನಯ್ಯಾ, ಸತ್ತೋಯ್ತಂತೆ?"

"ಸತ್ತಿಲ್ಲ. ಬಿರುಕು ಬಿಟ್ಟಿದೆ."

"ನೀರು ಇಳಿಸ್ಲಿಲ್ವಾ?"

ಲೈನಸ್ ಚಿಂದಿ ಹಿಡಿದು ಬಿರುಕಿನ ಸುತ್ತಲ ಧೂಳು ಒರೆಸಿದ.

"ಸಾಸೇಜ್ ಇಳಿಸಿದ್ದು ಮಾತ್ರ ನಾನು ನೋಡಿದ್ದೆ ಬಿಡು" ಎಂದು ಕ್ಲೀಟಸ್ ಬಿರುಕಿನೊಳಗೆ ಬೆರಳು ಹಾಕಿ ನೋಡಿ, ಮೈದಾನಕ್ಕೆಲ್ಲ ಹೇಳಲು ಹೋದ.

ಇಲ್ಲಿಯವರೆಗೆ ಆದದ್ದಕ್ಕೆ ಪರಿಹಾರವಿತ್ತು. ಹಳೇ ಕಾರುಗಳ ಗುಜರಿಯಲ್ಲಿ ಅದೇ ಅಳತೆಯ, ಅದೇ ಎಂಟು ಸಿಲಿಂಡರಿನ ಫೋರ್ಡ್ ಎಂಜಿನ್ ಸಿದ್ಧವಾಗಿತ್ತು. ಬೆಳಗ್ಗೆ ಕೂರಿಸಿದರೆ ಸಂಜೆಗೆ ಓಡುವಂಥದ್ದು. ಅದನ್ನು ತರಲೆಂದೇ ಗಂಡ ಹೆಂಡತಿ ಇಬ್ಬರೂ ಹೋದರು. ಅದರ ಪಕ್ಕದಲ್ಲೇ, ಜಖಂ ಆದ ಒಂದು ಕಾರಿನಿಂದ ಬಿಚ್ಚಿದ ಟೊಯೊಟಾ ಕಂಪನಿಯ ಆರು ಸಿಲಿಂಡರಿನ ಟರ್ಬೊ ಎಂಜಿನ್ ಕೂತಿತ್ತು. ಪಕ್ಕೆಗೆ ಅಂಟಿಕೊಂಡ ಬಸವನಹುಳುವಿನ ಹಾಗೆ ಟರ್ಬೊ. ಹೊರಗೆ ಹೋಗುವ ಹೊಗೆಯನ್ನೇ ಗಾಣದ ಎತ್ತಿನಂತೆ ದುಡಿಸಿಕೊಂಡು ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ ಅದು. ಲೈನಸ್ ಅದರ ಮುಂದೆ ನಿಂತ. ಎಷ್ಟು ಹೊತ್ತು ನಿಂತನೆಂದರೆ ಗುಜರಿಯವನು ಅವನನ್ನೂ ಬೆಲೆಪಟ್ಟಿಗೆ ಸೇರಿಸುವುದರಲ್ಲಿದ್ದ.

"ಬೇಡ" ಎಂದಳು ವಿಲ್ಮಾ.

"ನಾನೇನೂ ಹೇಳ್ಲೇ ಇಲ್ಲ."

"ಅದಕ್ಕೇ ಹೇಳ್ತಿರೋದು. ನಮಗೆ ಬೇಕಿರೋದು ಮರ, ರಾಕೆಟ್ ಅಲ್ಲ."

"ಎರಡೂ ಬರುತ್ತೆ ಕಣೇ. ಇಪ್ಪತ್ತೆರಡು ವರ್ಷದಿಂದ ಅದೇ ಎಂಬತ್ತನಾಲ್ಕು. ಮೂವತ್ನಾಲ್ಕು ವರ್ಷದಿಂದ ಅದೇ ಮುಂಗಾಲು. ಒಂದೇ ಒಂದು ಸಲ ಜೋರಾಗಿ ಹೋಗ್ಬೇಕು ಅನ್ಸುತ್ತೆ."

ಅವನು ಮನೆಗೆ ತಂದದ್ದು ಟರ್ಬೊವನ್ನೇ. ಫೋರ್ಡಿನೊಳಗೆ ಟೊಯೊಟಾ ಎಂಬ ಸುದ್ದಿಗೆ ನಮ್ಮಲ್ಲಿ ಎರಡು ವಾರ ಯಾರೂ ಹವಾಮಾನದ ಬಗ್ಗೆ ಮಾತಾಡಲಿಲ್ಲ. ಇಲ್ಲಿ ಫೋರ್ಡಿನ ಮನೆಗೂ ಷೆವ್ರೊಲೆಯ ಮನೆಗೂ ಮದುವೆಯಾಗುವುದೇ ದೊಡ್ಡ ಮಾತು. ಲೈನಸ್ ವಿಲ್ಮಾಳನ್ನು ಕಟ್ಟಿಕೊಂಡಾಗ ಎರಡು ಕಡೆಯ ನೆಂಟರೂ ಚರ್ಚಿನ ಎರಡು ಬದಿಗೆ ತಂತಮ್ಮ ಕಾರು ಕಂಪನಿಯ ಟೋಪಿ ಹಾಕಿಕೊಂಡು ಕೂತಿದ್ದರು. ಹಿರಿಯರು ಸೇರಿ ತೀರ್ಮಾನ ಕೊಟ್ಟರು: ಟೊಯೊಟಾ ಹಾಕಿದ್ದಕ್ಕೆ ಕ್ಷಮೆಯುಂಟು; ಷೆವ್ರೊಲೆ ಹಾಕಿದ್ದರೆ ಸ್ಮಶಾನದಲ್ಲಿ ಜಾಗ ಸಿಗುತ್ತಿರಲಿಲ್ಲ.

ಆ ಎಂಜಿನ್ನು ಆ ಕಾರಿಗೆ ಕೂರಲೆಂದು ಹುಟ್ಟಿದ್ದಲ್ಲ. ಎಂಟು ಸಿಲಿಂಡರಿನದು ಗಿಡ್ಡ, ಅಗಲ. ಇದು ಉದ್ದ. ಉದ್ದವೆಂದರೆ, ಅದರ ಹಿಂಭಾಗ ಗ್ಯಾರೇಜಿನಲ್ಲಿದ್ದರೆ ಮೂತಿ ಪಕ್ಕದ ಮನೆಯವರ ಅಂಗಳದಲ್ಲಿ. ಲೈನಸ್ ರೇಡಿಯೇಟರನ್ನು ಮುಂದಕ್ಕೆ ತಳ್ಳಿದ, ಡ್ರೈವರನ ಕಾಲ ಮುಂದಿನ ಗೋಡೆಯನ್ನು ಸುತ್ತಿಗೆಯಲ್ಲಿ ಹಿಂದಕ್ಕೆ ಬಡಿದ. ಎಂಜಿನ್ನಿನ ಎಣ್ಣೆತಟ್ಟೆ ಇಳಿಯಬೇಕಾದ ಜಾಗದಲ್ಲೇ ಕಾರಿನ ಅಡ್ಡತೊಲೆ. ತಟ್ಟೆ ಕತ್ತರಿಸಿ ಬೆಸುಗೆ ಹಾಕಿದ, ಅದು ಸೋರಿತು. ಮತ್ತೆ ಹಾಕಿದ, ಬೇರೆ ಕಡೆ ಸೋರಿತು. ಮೂರನೆಯ ಸಲ ಸೋರಲಿಲ್ಲ, ಆದರೆ ಅಷ್ಟು ಹೊತ್ತಿಗೆ ಒಳಗೆ ಎಣ್ಣೆ ಉಳಿದಿರಲಿಲ್ಲ.

ಅವನನ್ನು ನಿಜವಾಗಿ ಹಣ್ಣು ಮಾಡಿದ್ದು ಬೋಲ್ಟುಗಳು. ಕಾರಿನದ್ದೆಲ್ಲ ಇಂಚಿನ ಲೆಕ್ಕ, ಎಂಜಿನ್ನಿನದ್ದೆಲ್ಲ ಮಿಲಿಮೀಟರು. ಹದಿಮೂರು ಮಿಲಿಮೀಟರಿನ ಸ್ಪ್ಯಾನರ್ ಅರ್ಧ ಇಂಚಿನ ಬೋಲ್ಟಿಗೆ ಕೂತ ಹಾಗೆ ಕಾಣುತ್ತದೆ, ಬಿಗಿ ಮಾಡುವಾಗ ಜಾರಿ ಗೆಣ್ಣು ಒಡೆಯುತ್ತದೆ. ಜೂನ್ ತಿಂಗಳಲ್ಲಿ ಅವನ ಬಲಗೈಯಲ್ಲಿ ಚರ್ಮಕ್ಕಿಂತ ಬ್ಯಾಂಡೇಜೇ ಹೆಚ್ಚಿತ್ತು. ಕುರ್ಚಿಯ ಕಾಲಿಗೆ ಕೂದಲೆಳೆ ಬಿಡದವನು, ಕಾಲು ಮಿಲಿಮೀಟರು ಸಡಿಲ ಬಿಟ್ಟ ಸ್ಪ್ಯಾನರನ್ನು ಬೇಲಿಯಾಚೆ ಎಸೆಯುತ್ತಿದ್ದ, ಆಮೇಲೆ ಹೋಗಿ ಹುಡುಕುತ್ತಿದ್ದ. ಬೇಲಿಯಾಚೆಯ ಜೋಳದ ಹೊಲದವನು ಆ ವರ್ಷ ಕೊಯ್ಲಿನಲ್ಲಿ ಹನ್ನೆರಡು ಸ್ಪ್ಯಾನರ್ ಬೆಳೆದ.

ಟೊಯೊಟಾ ಎಂಜಿನ್ನನ್ನು ಫೋರ್ಡ್ ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆಗೆ ಏಳು ವಾರ ಕಾದ. ಬಂದದ್ದು ಬೇರೆ ಗೇರ್‌ಬಾಕ್ಸಿನದು. ಮತ್ತೆ ಮೂರು ವಾರ. ಎಲ್ಲ ಸೇರಿಸಿ ಕೀಲಿ ತಿರುಗಿಸಿದರೆ ಎಂಜಿನ್ ಉಸಿರೆತ್ತಲಿಲ್ಲ, ಏಕೆಂದರೆ ಅದರ ಕಂಪ್ಯೂಟರು ತನ್ನ ಹಳೇ ಕಾರಿನ ಕೀಲಿಗಾಗಿ ಕಾಯುತ್ತಿತ್ತು. ಆ ಹಳೇ ಕಾರು ಅಷ್ಟರಲ್ಲಿ ತಗಡಿನ ಉಂಡೆಯಾಗಿತ್ತು. ಬೇರೆ ಕಂಪ್ಯೂಟರು ತರಿಸಿದ. ಎಂಜಿನ್ ಚಾಲೂ ಆದ ಮೊದಲ ದಿನ ಟರ್ಬೊದ ಶಾಖಕ್ಕೆ ಪಕ್ಕದಲ್ಲಿದ್ದ ಬ್ಯಾಟರಿ ಬೆಣ್ಣೆಯಂತೆ ಕರಗಿ ಕೂತಿತು. ಬಾನೆಟ್ ಅಂತೂ ಕೊನೆಗೂ ಮುಚ್ಚಲಿಲ್ಲ. ಅದರಲ್ಲಿ ತೂತು ಕೊರೆದ.

ಜುಲೈ ಮಧ್ಯದಲ್ಲಿ ಕಾರನ್ನು ಟ್ರೈಲರಿನಲ್ಲಿ ಹೇರಿಕೊಂಡು ಗೇಟಿಗೆ ಬಂದ. ಬ್ಯಾಟರಿಯನ್ನು ಹಿಂದಕ್ಕೆ ಸಾಗಿಸಿದ್ದರೆ ಅದನ್ನು ಹೊರಗಿನಿಂದ ಆರಿಸುವ ಸ್ವಿಚ್ಚು ಇರಬೇಕು ಎಂದು ನಾನು ಹಿಂದೆ ಕಳಿಸಿದೆ. ಮುಂದಿನ ವಾರ ಬಂದ. ಇಷ್ಟು ಜೋರಿನ ಕಾರಿಗೆ ಡ್ರೈವರನ ತಲೆಯ ಮೇಲೆ ಕಬ್ಬಿಣದ ಕಮಾನು ಬೇಕು ಎಂದು ಮತ್ತೆ ಕಳಿಸಿದೆ.

"ಮಾರಾಯ, ಹೋದ ವಾರವೇ ಹೇಳೋಕೆ ನಿನ್ನ ನಾಲಿಗೆಗೆ ಏನಾಗಿತ್ತು?"

"ಹೋದ ವಾರ ನೀನು ಎಂಜಿನ್ ಆನ್ ಮಾಡಿರಲಿಲ್ಲ. ಸದ್ದು ಕೇಳಿರಲಿಲ್ಲ."

ಅಂತೂ ಆಗಸ್ಟಿನಲ್ಲಿ ಓಡಿತು. ಮೊದಲ ಓಟ ಹತ್ತು ಸೆಕೆಂಡು ಮೂವತ್ತೊಂದು. ಆ ಸಾಸಿವೆ ಬಣ್ಣದ ಚರ್ಚಿನ ಗಾಡಿ ಹೋದ ರಭಸಕ್ಕೆ ಬೇಲಿಯ ಮೇಲಿದ್ದ ಬ್ಯಾನರಿನ ಅಕ್ಷರಗಳು ಒಂದಿಂಚು ಎಡಕ್ಕೆ ಸರಿದವು. ಲೈನಸ್ ಇಳಿದು ಬಂದಾಗ ಅವನ ಹಲ್ಲುಗಳನ್ನು ನಾನು ಮೊದಲ ಸಲ ಪೂರ್ತಿ ನೋಡಿದೆ.

ಎರಡನೆಯ ಓಟ ಹನ್ನೊಂದು ನಲವತ್ತೆರಡು. ಮೂರನೆಯದು ಹತ್ತು ಎಪ್ಪತ್ತೇಳು. ನಾಲ್ಕನೆಯದರಲ್ಲಿ ಟರ್ಬೊದ ಕೊಳವೆ ಕಳಚಿ ಹದಿನಾಲ್ಕಾಯಿತು. ತಂಪು ಗಾಳಿ ಬೀಸಿದರೆ ಹುಚ್ಚೆದ್ದು ಓಡುತ್ತದೆ, ಬಿಸಿಯಾದರೆ ಮುನಿಸಿಕೊಳ್ಳುತ್ತದೆ. ಹಸಿರು ದೀಪಕ್ಕೆ ಕಾಲು ಒತ್ತಿದರೆ ಮೊದಲು ಏನೂ ಇಲ್ಲ, ಹಿಂದಿನ ಸಾಲಿನವರು ಲೆಮನೇಡ್ ಕುಡಿದು ಮುಗಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಬೆನ್ನಿಗೆ ಒದ್ದ ಹಾಗೆ ಹೋಗುತ್ತದೆ. ವಿಲ್ಮಾ ಹೊಗೆ ನೋಡಿದಳು, ಮೂಗು ಎಳೆದಳು, ಬರೆದಳು, ಅಳಿಸಿದಳು. ನಾಲ್ಕು ಶನಿವಾರ ಮೊದಲ ಸುತ್ತಿನಲ್ಲೇ ಸೋತರು. ಅದರಲ್ಲೊಂದು ಸಲ ಸೋತದ್ದು ಪಾದ್ರಿಗಳ ಹಳೇ ವ್ಯಾನಿಗೆ.

ಕ್ಲೀಟಸ್ ಪ್ರತಿ ಸಲವೂ ಸಾಸೇಜು ಹಿಡಿದು ಹಾಜರು. "ಲೈನಸ್, ನಿನ್ನ ಗಾಜಿನ ಮೇಲೆ ನಂಬರು ಬೇಡಪ್ಪ, 'ದೇವರಿಚ್ಛೆ' ಅಂತ ಬರೆಸ್ಬಿಡು."

ಮೂರನೆಯ ಶನಿವಾರದ ಹೊತ್ತಿಗೆ ಲೈನಸ್ ಕಾರಿನ ಬಾಗಿಲು ಹಾಕುವ ಸದ್ದಿನಲ್ಲೇ ಸಿಟ್ಟು ಕೇಳುತ್ತಿತ್ತು. ನಾಲ್ಕು ತಿಂಗಳು ಆ ಕಾರು ಓಡಲೆಂದು ಒದ್ದಾಡಿದವನು ಈಗ ಅದನ್ನು ತಡೆಯಲು ಒದ್ದಾಡುತ್ತಿದ್ದ. ಹಿಂದಿನ ಸೀಟಿನಲ್ಲಿ ಮರಳಿನ ಚೀಲ ಹೇರಿದ. ಗಾಳಿಕೊಳವೆಗೆ ಬಲೆ ಕಟ್ಟಿದ. ಅದು ಬಲೆಯನ್ನೂ ನುಂಗಿತು.

ಸೆಪ್ಟೆಂಬರಿನ ಕೊನೆಯ ಭಾನುವಾರ ಬೆಳಗ್ಗೆ ವಿಲ್ಮಾ ಅವನನ್ನು ಮರದ ಕೆಳಗೆ ಕರೆದು ನಿಲ್ಲಿಸಿಕೊಂಡಳು.

"ಕೇಳು. ಇದು ಎಷ್ಟರಲ್ಲಿ ಓಡುತ್ತೆ ಅಂತ ನನಗಿರಲಿ, ದೇವರಿಗೂ ಗೊತ್ತಿಲ್ಲ. ಅದಕ್ಕೇ ನಾನು ಹನ್ನೊಂದೂವರೆ ಅಂತ ಬರೀತೀನಿ. ಅಲ್ಲಿ ಮುಕ್ಕಾಲು ದೂರಕ್ಕೆ ಪಂಪಿನ ಬಿಳಿ ಶೆಡ್ ಇದೆ ನೋಡು. ಅದು ಕಂಡ ತಕ್ಷಣ ಕಾಲು ಎತ್ತು, ಬ್ರೇಕ್ ಒತ್ತು, ಪಕ್ಕದವನಿಗಿಂತ ಮೂಗಿನಷ್ಟು ಮುಂದಿದ್ದು ಗೆರೆ ದಾಟು. ಅಷ್ಟೇ."

"ಅಷ್ಟು ಕಷ್ಟಪಟ್ಟು ಕೂರಿಸಿ, ಬ್ರೇಕ್ ಒತ್ತೋದಾ?"

"ಮರ ಬೇಕಾ ಬೇಡ್ವಾ?"

ಬೇಕೆಂದ. ಮೊದಲ ಸುತ್ತಿನಲ್ಲಿ ಶೆಡ್ ಕಂಡ ಕೂಡಲೇ ಕಾಲೆತ್ತಿದ, ಗೆದ್ದ. ಎರಡನೆಯ ಸುತ್ತಿನಲ್ಲಿ ಎದುರಾಳಿ ಹಸಿರು ದೀಪಕ್ಕೆ ಮೊದಲೇ ಹೊರಟು ಹೊರಬಿದ್ದ. ಮೂರನೆಯದರಲ್ಲಿ ಕಾಲೆತ್ತಿದ, ಗೆದ್ದ. ನಾಲ್ಕನೆಯದರಲ್ಲೂ ಎತ್ತಿದ. ಗೆದ್ದು ಬಂದಾಗಲೆಲ್ಲ ಅವನ ಮುಖ ಹಲ್ಲು ಕೀಳಿಸಿಕೊಂಡು ಬಂದವನ ಹಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಉಳಿದವರು ಇಬ್ಬರೇ, ಲೈನಸ್ ಮತ್ತು ಕ್ಲೀಟಸ್.

ಸಾಲಿನಲ್ಲಿ ಕಾಯುವಾಗ ಕ್ಲೀಟಸ್ ತನ್ನ ಷೆವ್ರೊಲೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವನ ಗಾಜಿನ ಮೇಲೆ ಹನ್ನೆರಡು ಅರವತ್ತು ಎಂದಿತ್ತು. "ಲೈನಸ್, ನಿಜ ಹೇಳು, ಆ ಎಂಜಿನ್ ತಂದಿದ್ದು ಓಡಿಸೋಕಾ, ನಿಲ್ಲಿಸೋಕಾ? ಬ್ರೇಕ್ ಒತ್ತೋದಕ್ಕೆ ನಿಮ್ಮಮ್ಮನ ಹಳೇ ಎಂಜಿನ್ನೇ ಸಾಕಿತ್ತಲ್ಲೋ."

ಲೈನಸ್ ಕಿಟಕಿ ಏರಿಸಿದ.

ಕ್ಲೀಟಸನಿಗೆ ಒಂದು ಸೆಕೆಂಡು ಹತ್ತರಷ್ಟು ಮೊದಲೇ ಹಸಿರು ದೀಪ. ಅವನು ಹೊರಟ. ಲೈನಸನ ದೀಪ ಹತ್ತಿತು, ಕಾರು ಎಂದಿನಂತೆ ಸ್ವಲ್ಪ ಯೋಚಿಸಿತು, ಆಮೇಲೆ ಒದೆ ಬಿತ್ತು. ಮೋಡ ಕವಿದು ತಂಪಾಗಿದ್ದ ಹೊತ್ತು. ಅರ್ಧ ದಾರಿಗೇ ಅವನು ಕ್ಲೀಟಸನನ್ನು ದಾಟಿದ್ದ. ಗೆಲುವು ಜೇಬಿನಲ್ಲಿತ್ತು, ಶೆಡ್ ಕಂಡಾಗ ಕಾಲೆತ್ತಿದರೆ ಮುಗಿಯಿತು. ಮರದ ಕೆಳಗಿನಿಂದ ವಿಲ್ಮಾ ಎದ್ದು ನಿಂತಿದ್ದಳು. ಬಿಳಿ ಶೆಡ್ ಬಂತು. ಬಿಳಿ ಶೆಡ್ ಹೋಯಿತು. ಎಂಜಿನ್ನಿನ ಸದ್ದು ಇಳಿಯಲಿಲ್ಲ, ಏರಿತು. ಆ ಸದ್ದಿಗೆ ಪಕ್ಕದ ಜಿಲ್ಲೆಯಲ್ಲಿ ನಾಯಿಗಳು ಬೊಗಳಿದವು.

ಬೋರ್ಡಿನ ಮೇಲೆ ಹತ್ತು ಇಪ್ಪತ್ತೊಂದು ಎಂದು ಬಂತು. ಗೆದ್ದವನ ದೀಪ ಕ್ಲೀಟಸನ ಕಡೆ ಹತ್ತಿತು. ನಮ್ಮ ಮೈದಾನದಲ್ಲಿ ಬರೆದದ್ದಕ್ಕಿಂತ ಅಷ್ಟು ಬೇಗ ಓಡಿ ಸೋತವನು ಅದಕ್ಕೆ ಮೊದಲು ಇರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದವನಿಗೆ ಅದರ ಅರ್ಧವೂ ಸಿಗಲಿಲ್ಲ.

ಲೈನಸ್ ತನ್ನ ಓಟದ ಸಮಯ ಅಚ್ಚಾದ ಚೀಟಿ ಹಿಡಿದು ಮರದ ಹತ್ತಿರ ಬಂದ.

"ಶೆಡ್ ಕಾಣಿಸ್ಲಿಲ್ವಾ?" ಎಂದಳು ವಿಲ್ಮಾ.

"ಕಾಣಿಸ್ತು."

"ಮತ್ತೆ?"

"ಕಾಲು ಎತ್ತಿದೆ ಅಂತ್ಲೇ ಅಂದ್ಕೊಂಡೆ."

"ಎಲ್ಲಿ ಎತ್ತಿದೆ, ಇಲ್ಲಿಗೆ ಬಂದ ಮೇಲಾ?"

ಅವನು ಚೀಟಿಯನ್ನು ಮಡಚಿದ, ಬಿಚ್ಚಿದ. "ಎತ್ತೋಕೆ ಮನಸ್ಸು ಬರ್ಲಿಲ್ಲ ವಿಲ್ಮಾ. ಮುಂದೆ ಯಾರೂ ಇರ್ಲಿಲ್ಲ, ಕನ್ನಡೀಲಿ ಹಿಂದೇನೂ ಯಾರೂ ಕಾಣ್ಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಹಾಗೆ ಖಾಲಿ ರಸ್ತೆ ನೋಡಿರ್ಲಿಲ್ಲ."

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ಗೆದ್ದವನು ಅಲ್ಲೇ ಆಗಲೇ ಬಂದು ಮರ ಹಿಡಿಯಬೇಕು, ಸೋತವನು ಅವನೆದುರೇ ಸಾಮಾನು ಎತ್ತಬೇಕು ಎಂಬುದು ನಮ್ಮ ಪದ್ಧತಿ. ಕ್ಲೀಟಸನ ಷೆವ್ರೊಲೆ ಮದುವೆಯ ದಿಬ್ಬಣದ ವೇಗದಲ್ಲಿ ಬಂತು. ಲೈನಸ್ ಸ್ಪ್ಯಾನರ್ ಪೆಟ್ಟಿಗೆ ಎತ್ತಿದ, ಐಸ್ ಡಬ್ಬ ಎತ್ತಿದ, ಜ್ಯಾಕ್ ಎಳೆದ. ಅಷ್ಟರಲ್ಲಿ ಮೋಡ ಸರಿದಿತ್ತು; ಪಾಯಿಖಾನೆಯ ಪಕ್ಕದ ಬಿಸಿಲಿಗೆ ನಾಲ್ಕು ಸಲ ಹೋಗಿ ಬಂದ. ಕೊನೆಗೆ ಕುರ್ಚಿಯ ಹತ್ತಿರ ಬಂದ. ವಿಲ್ಮಾ ಅದರಲ್ಲಿ ಕೂತೇ ಇದ್ದಳು.

"ಏಳು. ಜಾಗ ಅವನದು."

"ಕಾರು ನಿಲ್ಸೋ ಜಾಗ ಅವನದು. ನಾನೇನು ಕಾರಾ?"

ಗಂಡನೂ ಅಣ್ಣನೂ ಸೇರಿ ನನ್ನ ಮುಖ ನೋಡಿದರು. ಕಟ್ಟಳೆಯ ಪುಸ್ತಕ ನನ್ನ ಕೈಯಲ್ಲೇ ಇತ್ತು. ಮೂರು ಸಲ ಹುಡುಕಿದೆ. ಕಾರು, ಟ್ರೈಲರು, ಟೈರು, ಡೇರೆ, ಎಲ್ಲದರ ಹೆಸರೂ ಇತ್ತು. ಹೆಂಡತಿಯ ವಿಷಯ ಬರೆದಿರಲಿಲ್ಲ.

"ಕೂತ್ಕೋ ಬಿಡು" ಎಂದ ಕ್ಲೀಟಸ್. ಗೆದ್ದವನ ದೊಡ್ಡ ಮನಸ್ಸು. ಜೊತೆಗೆ ಅವನ ಕಣ್ಣು ಅವಳ ಮಡಿಲಲ್ಲಿದ್ದ ಶೂ ಪಾಲಿಶ್ ಬಾಟಲಿಯ ಮೇಲಿತ್ತು. "ಹೇಗೂ ಇಲ್ಲೇ ಇರ್ತೀಯಲ್ಲ ವಿಲ್ಮಾ, ಬರೋ ವರ್ಷ ನನ್ನ ಗಾಜಿನ ಮೇಲೂ ಒಂದು ನಂಬರು ಗೀಚ್ಬಿಡು."

"ನನ್ನ ಅಕ್ಷರ ಒಂದೇ ಕಾರಿಗೆ. ಸದ್ಯಕ್ಕೆ ಅದಕ್ಕೂ ಇಲ್ಲ." ಅವಳು ಬಾಟಲಿಯನ್ನು ಲೈನಸನ ಕೈಗೆ ಕೊಟ್ಟಳು. "ತಗೋ. ಖಾಲಿ ರಸ್ತೆ ನೋಡ್ದವನು ನೀನೇ ತಾನೇ. ಇನ್ನು ನೀನೇ ಬರ್ಕೋ."

ಲೈನಸ್ ಬಾಟಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತನ್ನ ಹೊಸ ಜಾಗಕ್ಕೆ ಹೋದ. ಆಮೇಲೆ ಜಲ್ಲಿಯ ಮೇಲೆ ಅಂಗಾತ ಮಲಗಿ, ಕಾರಿನ ಕೆಳಗೆ ತೂರಿ, ರೇಡಿಯೇಟರಿನ ನೀರು ಇಳಿಸಲು ಶುರು ಮಾಡಿದ. ಚಳಿ ಬೀಳಲು ಇನ್ನೂ ಎರಡು ತಿಂಗಳಿತ್ತು. ಮೊದಲ ಸ್ಪ್ಯಾನರ್ ಜಾರಿತು, ಏನೋ ಬೈದ, ಎರಡನೆಯದನ್ನು ಹಿಡಿದ.

ನೆರಳಿನಿಂದ ವಿಲ್ಮಾ ಕೂಗಿದಳು. "ಪೂರ್ತಿ ಇಳಿಸು. ಇದೂ ಒಡೆದ್ರೆ ಮುಂದಿನ ಸಲ ವಿಮಾನದ್ದು ತರ್ತೀಯ."

ಬಿಸಿನೀರು ಅವನ ಅಂಗಿಯನ್ನು ತೋಯಿಸಿಕೊಂಡು ಹೊರಗೆ ಹರಿಯಿತು. ಹೊರಬಂದವನು ಮೊದಲು ಮಾಡಿದ ಕೆಲಸವೆಂದರೆ ಜೇಬಿನಿಂದ ಆ ಸೋತ ಓಟದ ಚೀಟಿಯನ್ನು ತೆಗೆದದ್ದು. ಅದು ಒದ್ದೆಯಾಗಿತ್ತು. ಅದನ್ನು ಟೈರಿನ ಮೇಲೆ ಬಿಸಿಲಿಗೆ ಹರಡಿ, ಗಾಳಿಗೆ ಹಾರದಂತೆ ಮೇಲೆ ಹದಿಮೂರು ಮಿಲಿಮೀಟರಿನ ಸ್ಪ್ಯಾನರ್ ಇಟ್ಟ.